ರಾತ್ರಿ 'ಜಾಬ್ ಫೇಲ್' ಅಂತ ಮೆಸೇಜ್, ಬೆಳಗ್ಗೆ ನೋಡಿದರೆ ಎಲ್ಲ ಸರಿ. ಎಲ್ಲಿ ತಪ್ಪುತ್ತಿದೆ?

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾನು ಶಿವಮೊಗ್ಗದಲ್ಲಿ ಕೂತು ಮೂರು ಕಡೆಯ ಡೇಟಾಬೇಸ್ ಸರ್ವರ್ ನೋಡಿಕೊಳ್ಳುತ್ತೇನೆ. ಒಂದು ಇಲ್ಲೇ ಊರಲ್ಲಿ, ಒಂದು ತೀರ್ಥಹಳ್ಳಿಯಲ್ಲಿ, ಇನ್ನೊಂದು ಹೊಸನಗರದಲ್ಲಿ. ಮೂರರಲ್ಲೂ ಅಡಿಕೆ ವ್ಯವಹಾರದ ಲೆಕ್ಕ ಇದೆ. ಯಾರದು ಎಷ್ಟು ಮೂಟೆ ಬಂತು, ರಾಶಿಯೋ ಬೆಟ್ಟೆಯೋ ಸರಕೋ ಗೊರಬಲೋ, ತೂಕ ಎಷ್ಟು, ಮುಂಗಡ ಎಷ್ಟು ಹೋಗಿದೆ, ಎಲ್ಲ ಅದರಲ್ಲೇ. ಡೇಟಾಬೇಸ್ ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಸ್ಟ್ಯಾಂಡರ್ಡ್. ರಾತ್ರಿ 2 ಗಂಟೆಗೆ ಬ್ಯಾಕಪ್ ಓಡುತ್ತದೆ. 2:40ಕ್ಕೆ ಆ ಬ್ಯಾಕಪ್ ಫೈಲ್ ಬೇರೆ ಕೋಣೆಯಲ್ಲಿರುವ ಮಷಿನ್‌ಗೆ ಕಾಪಿ ಆಗುತ್ತದೆ. 3:30ಕ್ಕೆ ಇಂಡೆಕ್ಸ್ ಸರಿಮಾಡುವ ಜಾಬ್. ಹೀಗೆ ಹೊತ್ತಿಗೆ ಸರಿಯಾಗಿ ತಾನಾಗಿ ಓಡುವ ಕೆಲಸವೇ ಜಾಬ್; ಎಲ್ಲವನ್ನೂ ಓಡಿಸುವುದು ಎಸ್‌ಕ್ಯೂಎಲ್ ಸರ್ವರ್ ಏಜೆಂಟ್.

ನನಗಿಂತ ಮೊದಲು ಇದ್ದವರು ಒಂದು ಸಣ್ಣ ಸ್ಕ್ರಿಪ್ಟ್ ಬರೆದಿಟ್ಟಿದ್ದಾರೆ. ಅದು 10 ನಿಮಿಷಕ್ಕೊಮ್ಮೆ ಜಾಬ್ ಹಿಸ್ಟರಿ ಓದುತ್ತದೆ, ಏನಾದರೂ ತಪ್ಪು ಕಂಡರೆ ನನ್ನ ಫೋನಿಗೆ ಮೆಸೇಜ್ ಕಳಿಸುತ್ತದೆ. ರಾತ್ರಿಗೆ ಐದಾರು ಬರುತ್ತವೆ. ಬೆಳಗ್ಗೆ ಹೋಗಿ ನೋಡಿದರೆ ಬ್ಯಾಕಪ್ ಫೈಲ್ ಇದೆ, ಕಾಪಿ ಆಗಿದೆ, ಇಂಡೆಕ್ಸೂ ಸರಿ ಇದೆ. ಮೊದಮೊದಲು ಎದ್ದು ಲ್ಯಾಪ್‌ಟಾಪ್ ತೆಗೆದು ನೋಡುತ್ತಿದ್ದೆ. ಆಮೇಲೆ ಫೋನ್ ತಿರುಗಿಸಿ ಮಲಗುವುದು ರೂಢಿಯಾಯಿತು.

ಕಳೆದ ತಿಂಗಳು ತೀರ್ಥಹಳ್ಳಿಯಲ್ಲಿ ನಾಲ್ಕು ರಾತ್ರಿ ಬ್ಯಾಕಪ್ ನಿಜವಾಗಿಯೂ ಆಗಿರಲಿಲ್ಲ. ಡಿಸ್ಕ್ ತುಂಬಿತ್ತು. ಮೆಸೇಜ್ ನಾಲ್ಕು ರಾತ್ರಿಯೂ ಬಂದಿತ್ತು. ನಾನು ನೋಡಿ ಪಕ್ಕಕ್ಕೆ ಸರಿಸಿದ್ದೆ. ಐದನೇ ದಿನ ಬೇರೆ ಕೆಲಸಕ್ಕೆ ಅಲ್ಲಿಗೆ ಹೋದಾಗ ಕಣ್ಣಿಗೆ ಬಿತ್ತು. ಏನೂ ಹಾಳಾಗಲಿಲ್ಲ, ಆದರೆ ಅವತ್ತಿನಿಂದ ನನಗೆ ಸಮಾಧಾನ ಇಲ್ಲ. ಆ ನಾಲ್ಕು ದಿನದಲ್ಲಿ ಸರ್ವರ್ ಕೈಕೊಟ್ಟಿದ್ದರೆ ರೈತರು ತೂಕ ಹಾಕಿಸಿಹೋದ ಲೆಕ್ಕ ಎಲ್ಲಿಂದ ತರುವುದು?

ಸುಳ್ಳು ಮೆಸೇಜ್ ನಿಲ್ಲಬೇಕು, ನಿಜದ್ದು ಉಳಿಯಬೇಕು. ಎಲ್ಲಿಂದ ಶುರು ಮಾಡಲಿ?

ಸಾಗರದ ಹುಡುಗ

ರಾತ್ರಿ ಮೆಸೇಜ್ ಬಂದ್ ಮಾಡಿಬಿಡಿ ಸರ್. ಬೆಳಗ್ಗೆ 8ಕ್ಕೆ ಎಲ್ಲ ಸೇರಿಸಿ ಒಂದೇ ಮೇಲ್ ಬರುವ ಹಾಗೆ ಮಾಡಿ. ನಾನು ಹಾಗೇ ಮಾಡಿಕೊಂಡಿದ್ದೇನೆ, ನಿದ್ದೆ ಆದರೂ ಬರುತ್ತದೆ.

ಹಳೆ ಡಿಬಿಎ, ಭದ್ರಾವತಿ

ಹಾಗೆ ಮಾಡಿದರೆ ಐದು ಸುಳ್ಳು ಮೆಸೇಜ್ ಐದು ಸುಳ್ಳು ಸಾಲಾಗಿ ಒಂದು ಮೇಲ್‌ನಲ್ಲಿ ಕೂತುಕೊಳ್ಳುತ್ತವೆ. ನಿಜವಾದ ಆರನೆಯದು ಅದೇ ಗುಂಪಿನಲ್ಲಿ ಕಳೆದುಹೋಗುತ್ತದೆ. ತುಂಗಾತೀರ ಅವರಿಗೆ ಆಗಿರುವುದೂ ಅದೇ ಅಲ್ವಾ? ಮೊದಲು ಸ್ಕ್ರಿಪ್ಟ್ ಯಾವ ಪ್ರಶ್ನೆ ಕೇಳುತ್ತಿದೆ ಅಂತ ನೋಡಬೇಕು. ಯಾವ ಟೇಬಲ್‌ನಿಂದ, ಯಾವ ಷರತ್ತಿನ ಮೇಲೆ ಸಾಲು ಎತ್ತುತ್ತಿದೆ, ಅದನ್ನು ಹಾಕಿ.

ತುಂಗಾತೀರ, ಶಿವಮೊಗ್ಗ

ತೆಗೆದು ನೋಡಿದೆ. ಎಂಎಸ್‌ಡಿಬಿ (ಏಜೆಂಟ್ ತನ್ನ ಲೆಕ್ಕ ಇಡುವ ಡೇಟಾಬೇಸ್) ಒಳಗಿನ ಸಿಸ್‌ಜಾಬ್‌ಹಿಸ್ಟರಿ ಟೇಬಲ್. ರನ್ ಸ್ಟೇಟಸ್ 1 ಅಲ್ಲದ ಯಾವ ಸಾಲು ಕಂಡರೂ ಮೆಸೇಜ್. ಇದರ ಜೊತೆ ಇನ್ನೊಂದು ಷರತ್ತು ಇದೆ: ಜಾಬ್ 45 ನಿಮಿಷಕ್ಕಿಂತ ಜಾಸ್ತಿ ಹೊತ್ತು ಓಡಿದರೂ ಮೆಸೇಜ್.

ಹಳೆ ಡಿಬಿಎ, ಭದ್ರಾವತಿ

ಮೊದಲನೇ ಗಂಟು ಸಿಕ್ಕಿತು.

ರನ್ ಸ್ಟೇಟಸ್ ಅಂದರೆ ಗೆದ್ದಿತು, ಸೋತಿತು ಅಂತ ಎರಡೇ ಅಲ್ಲ. 0 ಅಂದರೆ ಫೇಲ್. 1 ಅಂದರೆ ಆಯಿತು. 2 ಅಂದರೆ ಮತ್ತೆ ಪ್ರಯತ್ನ ಮಾಡುತ್ತಿದ್ದೇನೆ. 3 ಅಂದರೆ ಯಾರೋ ನಿಲ್ಲಿಸಿದರು. 4 ಅಂದರೆ ಇನ್ನೂ ಓಡುತ್ತಿದೆ. ನಿಮ್ಮ ಸ್ಕ್ರಿಪ್ಟ್‌ಗೆ 1 ಬಿಟ್ಟು ಉಳಿದ ನಾಲ್ಕೂ ಒಂದೇ. ನಿಮ್ಮ ಇಂಡೆಕ್ಸ್ ಜಾಬ್‌ಗೆ ರೀಟ್ರೈ (ಬಿದ್ದರೆ ಮತ್ತೆ ಓಡು ಅನ್ನುವ ಏರ್ಪಾಡು) ಹಾಕಿದ್ದೀರಾ? ಹಾಕಿದ್ದರೆ, ಅದು ಡೆಡ್‌ಲಾಕ್‌ಗೆ (ಎರಡು ಕೆಲಸ ಒಂದನ್ನೊಂದು ಕಾಯುತ್ತ ನಿಂತುಬಿಡುವುದು) ಸಿಕ್ಕಿ ಒಮ್ಮೆ ಬಿದ್ದಾಗ 2 ಅಂತ ಒಂದು ಸಾಲು ಬರೆಯುತ್ತದೆ. ಎರಡನೇ ಸಲ ಸರಿಯಾಗಿ ಓಡಿ 1 ಅಂತ ಬರೆಯುತ್ತದೆ. ಮೊದಲನೇ ಸಾಲಿಗೇ ನಿಮ್ಮ ಫೋನ್ ಬಾರಿಸುತ್ತದೆ. ಬೆಳಗ್ಗೆ ನೋಡಿದರೆ ಎಲ್ಲ ಸರಿ.

ಇನ್ನೊಂದು ವಿಷಯ. ಆ ಟೇಬಲ್‌ನಲ್ಲಿ ಜಾಬ್‌ನ ಪ್ರತಿ ಸ್ಟೆಪ್‌ಗೂ (ಹಂತಕ್ಕೂ) ಒಂದು ಸಾಲು ಇರುತ್ತದೆ, ಇಡೀ ಜಾಬ್‌ನ ಫಲಿತಾಂಶಕ್ಕೆ ಬೇರೆ ಒಂದು ಸಾಲು. ಅದರ ಸ್ಟೆಪ್ ಐಡಿ 0. ಜಾಬ್ ಏನಾಯಿತು ಅಂತ ತಿಳಿಯಬೇಕಾದರೆ ಆ ಸಾಲನ್ನು ಕೇಳಿ. ಸ್ಟೆಪ್ ಐಡಿ 0, ರನ್ ಸ್ಟೇಟಸ್ 0. ಹೀಗೆ ಬದಲಾಯಿಸಿದರೆ ಅರ್ಧ ಮೆಸೇಜ್ ಇವತ್ತು ರಾತ್ರಿಯೇ ನಿಲ್ಲುತ್ತವೆ.

ಕೊಪ್ಪದವಳು, ಈಗ ಬೆಂಗಳೂರು

ಹಳೆ ಡಿಬಿಎ ಅವರು ಹೇಳಿದ್ದು ಸರಿ, ಆದರೆ ಅಷ್ಟಕ್ಕೇ ನಿಲ್ಲಬೇಡಿ. ಒಂದು ಅಪಾಯ ಇದೆ. ಸ್ಟೆಪ್ ಬಿದ್ದರೆ 'ಮುಂದಿನ ಸ್ಟೆಪ್‌ಗೆ ಹೋಗು' ಅಂತ ಯಾರಾದರೂ ಇಟ್ಟಿದ್ದರೆ, ಮಧ್ಯದ ಸ್ಟೆಪ್ ಬಿದ್ದರೂ ಕೊನೆಯದು ಗೆದ್ದರೆ ಇಡೀ ಜಾಬ್ ಗೆದ್ದ ಹಾಗೆಯೇ ತೋರಿಸುತ್ತದೆ. ಸ್ಟೆಪ್ 0 ಮಾತ್ರ ನೋಡುವವರಿಗೆ ಇದು ಕಾಣುವುದೇ ಇಲ್ಲ. ನಮ್ಮಲ್ಲಿ ಒಂದು ಜಾಬ್ ತಿಂಗಳುಗಟ್ಟಲೆ ಹೀಗೇ ಹಸಿರು ತೋರಿಸುತ್ತಿತ್ತು.

ಪ್ರತಿ ಜಾಬ್ ತೆರೆದು, ಪ್ರತಿ ಸ್ಟೆಪ್‌ನ ಅಡ್ವಾನ್ಸ್ಡ್ ಪುಟದಲ್ಲಿ ಬಿದ್ದರೆ ಏನು ಮಾಡಬೇಕು ಅಂತ ಬರೆದಿದೆ, ಕಣ್ಣಾರೆ ನೋಡಿ. ಹನ್ನೊಂದೋ ಹನ್ನೆರಡೋ ಜಾಬ್ ಇರಬಹುದು, ಒಂದು ಮಧ್ಯಾಹ್ನದ ಕೆಲಸ. ಮುಖ್ಯ ಸ್ಟೆಪ್‌ಗಳ ಮೇಲೆ ರನ್ ಸ್ಟೇಟಸ್ 0 ಬಂದರೆ ಅದನ್ನೂ ಹಿಡಿಯಿರಿ. 2 ಮತ್ತು 4 ಬಿಟ್ಟುಬಿಡಿ. 3 ಬಂದರೆ ಬೆಳಗ್ಗೆ ವಿಚಾರಿಸಿದರೆ ಸಾಕು.

ತುಂಗಾತೀರ, ಶಿವಮೊಗ್ಗ

ಇಬ್ಬರಿಗೂ ತುಂಬಾ ಧನ್ಯವಾದ. ಬದಲಾಯಿಸಿದೆ. ಮೂರು ರಾತ್ರಿ ನೋಡಿದೆ. ಇಂಡೆಕ್ಸ್ ಜಾಬ್‌ನ ಗಲಾಟೆ ನಿಂತಿತು. ಕಾಪಿ ಜಾಬ್ ಮಾತ್ರ ಮೂರೂ ಕಡೆ ಪ್ರತಿ ರಾತ್ರಿ ಫೇಲ್. ಇದರಲ್ಲಿ ಸ್ಟೆಪ್ 0 ಸಾಲೂ 0 ಅಂತಲೇ ಹೇಳುತ್ತಿದೆ. ಮೆಸೇಜ್‌ನಲ್ಲಿ ಇರುವುದು ಇಷ್ಟೇ: 'ಪ್ರೊಸೆಸ್ ಎಕ್ಸಿಟ್ ಕೋಡ್ 1. ಸ್ಟೆಪ್ ಫೇಲ್ ಆಯಿತು.' ಆದರೆ ಆ ಕಡೆಯ ಮಷಿನ್‌ನಲ್ಲಿ ಫೈಲ್ ಪೂರ್ತಿ ಬಂದಿದೆ, ಸೈಜೂ ಒಂದೇ. ಹೇಗೆ?

ಮಳೆಕಾಡು, ಹೊಸನಗರ

ಕಾಪಿ ಮಾಡುವುದಕ್ಕೆ ವಿಂಡೋಸ್‌ನ ರೋಬೋಕಾಪಿ ಕಮಾಂಡ್ ಬಳಸುತ್ತಿದ್ದೀರಾ?

ತುಂಗಾತೀರ, ಶಿವಮೊಗ್ಗ

ಹೌದು.

ಮಳೆಕಾಡು, ಹೊಸನಗರ

ಹಾಗಾದರೆ ನಿಮ್ಮ ಜಾಬ್ ಫೇಲ್ ಆಗುತ್ತಿಲ್ಲ. ಇಬ್ಬರು ಒಂದೇ ಅಂಕೆಗೆ ಬೇರೆ ಬೇರೆ ಅರ್ಥ ಇಟ್ಟುಕೊಂಡಿದ್ದಾರೆ, ಅಷ್ಟೇ.

ಏಜೆಂಟ್ ಲೆಕ್ಕದಲ್ಲಿ ಕಮಾಂಡ್ ಸ್ಟೆಪ್ ಮುಗಿಯುವಾಗ ಎಕ್ಸಿಟ್ ಕೋಡ್ ಆಗಿ 0 ಕೊಟ್ಟರೆ ಗೆಲುವು, ಬೇರೆ ಏನು ಕೊಟ್ಟರೂ ಸೋಲು. ನೀವಾಗಿ ಬದಲಾಯಿಸದಿದ್ದರೆ ಅದು ಹಾಗೇ. ರೋಬೋಕಾಪಿ ಲೆಕ್ಕ ಬೇರೆ. ಅದು 0 ಕೊಟ್ಟರೆ 'ಕಾಪಿ ಮಾಡುವುದಕ್ಕೆ ಏನೂ ಇರಲಿಲ್ಲ' ಅಂತ. 1 ಕೊಟ್ಟರೆ 'ಫೈಲ್ ಕಾಪಿ ಮಾಡಿದೆ, ಎಲ್ಲ ಸರಿ' ಅಂತ. 2 ಅಂದರೆ ಆ ಕಡೆ ಹೆಚ್ಚುವರಿ ಫೈಲ್ ಇದೆ. 3 ಅಂದರೆ 1 ಮತ್ತು 2 ಎರಡೂ. 7ರ ವರೆಗೆ ಫೇಲ್ ಅಲ್ಲ. 8 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮಾತ್ರ ನಿಜವಾದ ತೊಂದರೆ. 16 ಬಂದರೆ ಏನೂ ಕಾಪಿ ಆಗಿಲ್ಲ, ದೊಡ್ಡ ತಪ್ಪು.

ಒಂದು ಬ್ಯಾಚ್ ಫೈಲ್ (ಕಮಾಂಡ್‌ಗಳನ್ನು ಸಾಲಾಗಿ ಬರೆದ ಫೈಲ್) ಮಾಡಿ, ರೋಬೋಕಾಪಿಯನ್ನು ಅದರೊಳಗೆ ಓಡಿಸಿ. ಎರರ್‌ಲೆವೆಲ್ (ರೋಬೋಕಾಪಿ ಕೊಟ್ಟ ಕೋಡ್) 8 ಅಥವಾ ಮೇಲೆ ಇದ್ದರೆ 1 ಕೊಟ್ಟು ಹೊರಬರಲಿ, ಇಲ್ಲದಿದ್ದರೆ 0 ಕೊಟ್ಟು ಹೊರಬರಲಿ. ಏಜೆಂಟ್ ಆ ಬ್ಯಾಚ್ ಫೈಲನ್ನು ಕರೆಯಲಿ.

ಆಮೇಲೆ ಒಂದು ಕೆಲಸ ಮಾಡಿ. ತೀರ್ಥಹಳ್ಳಿಯಲ್ಲಿ ಬ್ಯಾಕಪ್ ಆಗದ ಆ ನಾಲ್ಕು ರಾತ್ರಿ ಕಾಪಿ ಜಾಬ್ ಏನು ಹೇಳಿತ್ತು ಅಂತ ಹಿಸ್ಟರಿ ತೆಗೆದು ನೋಡಿ. ನನಗೊಂದು ಅನುಮಾನ ಇದೆ.

ತುಂಗಾತೀರ, ಶಿವಮೊಗ್ಗ

ನೋಡಿದೆ. ನೋಡಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ.

ಏಜೆಂಟ್ ತಾನಾಗಿ ಒಂದು ಜಾಬ್‌ಗೆ 100 ಸಾಲು ಮಾತ್ರ ಇಟ್ಟುಕೊಳ್ಳುತ್ತದೆ. ಕಾಪಿ ಜಾಬ್ ರಾತ್ರಿಗೆ ಎರಡು ಸಾಲು ಬರೆಯುವುದರಿಂದ 50 ರಾತ್ರಿಯ ಲೆಕ್ಕ ಸಿಕ್ಕಿತು. ಸಾಲಾಗಿ ಫೇಲ್, ಫೇಲ್, ಫೇಲ್. ಮಧ್ಯದಲ್ಲಿ ನಾಲ್ಕು ರಾತ್ರಿ ಮಾತ್ರ ಸಕ್ಸಸ್. ಅದೇ ನಾಲ್ಕು ರಾತ್ರಿ.

ಬ್ಯಾಕಪ್ ಆಗಲಿಲ್ಲ, ಹೊಸ ಫೈಲ್ ಇಲ್ಲ. ಕಾಪಿ ಮಾಡುವುದಕ್ಕೆ ಏನೂ ಇಲ್ಲದೆ ರೋಬೋಕಾಪಿ 0 ಕೊಟ್ಟಿದೆ. ಏಜೆಂಟ್ ಅದನ್ನು ಗೆಲುವು ಅಂತ ಬರೆದಿದೆ. ನನಗೆ ನೆನಪಿದೆ, ಆ ವಾರ ತೀರ್ಥಹಳ್ಳಿ ಕಡೆಯ ಕಾಪಿ ಮೆಸೇಜ್ ನಿಂತಿತ್ತು. ನೆಟ್‌ವರ್ಕ್ ಸುಧಾರಿಸಿರಬೇಕು ಅಂದುಕೊಂಡು ಖುಷಿಪಟ್ಟಿದ್ದೆ.

ಇನ್ನೊಂದೂ ಸಿಕ್ಕಿತು. ಹಳೆ ಬ್ಯಾಕಪ್ ಅಳಿಸುವ ಸ್ಟೆಪ್ ಬ್ಯಾಕಪ್ ಜಾಬ್‌ನಲ್ಲೇ ಎರಡನೆಯದಾಗಿ ಇದೆ. ಬ್ಯಾಕಪ್ ಬಿದ್ದರೆ ಜಾಬ್ ಅಲ್ಲೇ ನಿಲ್ಲುತ್ತದೆ, ಅಳಿಸುವ ಸ್ಟೆಪ್ ಓಡುವುದೇ ಇಲ್ಲ. ಹಾಗಾಗಿ ಡಿಸ್ಕ್ ಒಮ್ಮೆ ತುಂಬಿದರೆ ತಾನಾಗಿ ಯಾವತ್ತೂ ಖಾಲಿ ಆಗುವುದಿಲ್ಲ. ನಾನು ಹೋಗದಿದ್ದರೆ ನಾಲ್ಕು ರಾತ್ರಿ ನಲವತ್ತು ಆಗುತ್ತಿತ್ತು.

ಹಳೆ ಡಿಬಿಎ, ಭದ್ರಾವತಿ

ಅಳಿಸುವ ಸ್ಟೆಪ್ ಮುಂದಕ್ಕೆ ತರಬೇಕು ಅಂತ ಅನಿಸುತ್ತದೆ, ಆದರೆ ದುಡುಕಬೇಡಿ. ಹೊಸದು ಕೈಗೆ ಬರುವ ಮೊದಲು ಹಳೆಯದನ್ನು ಅಳಿಸಿದರೆ ಕೆಟ್ಟ ದಿನ ಎರಡೂ ಇರುವುದಿಲ್ಲ. ಕಡೆಯ ಮೂರು ಒಳ್ಳೆಯ ಬ್ಯಾಕಪ್ ಯಾವಾಗಲೂ ಉಳಿಯಲಿ, ಅದಕ್ಕಿಂತ ಹಳೆಯದು ಮಾತ್ರ ಹೋಗಲಿ. ಡಿಸ್ಕ್‌ನಲ್ಲಿ ಎಷ್ಟು ಜಾಗ ಉಳಿದಿದೆ ಅನ್ನುವುದಕ್ಕೆ ಬೇರೆ ಎಚ್ಚರಿಕೆ ಇಡಿ. ಅದು ಸಂಜೆ ಬರಲಿ, ನೀವು ಎಚ್ಚರ ಇರುವಾಗ.

ಹಾಲಿನ ಲೆಕ್ಕ, ತೀರ್ಥಹಳ್ಳಿ

ನಮ್ಮದು ಲಿನಕ್ಸ್, ಮೈಎಸ್‌ಕ್ಯೂಎಲ್. ಹಾಲಿನ ಸೊಸೈಟಿಯ ಲೆಕ್ಕ. ನಮಗೂ ದಿನಾ ಬೆಳಗ್ಗೆ 4ಕ್ಕೆ ಒಂದು ಮೇಲ್ ಬರುತ್ತದೆ, ಪಾಸ್‌ವರ್ಡ್ ಕಮಾಂಡ್ ಸಾಲಿನಲ್ಲಿ ಕೊಡುವುದು ಸುರಕ್ಷಿತ ಅಲ್ಲ ಅಂತ. ಡಂಪ್ ಫೈಲ್ (ನಮ್ಮ ಬ್ಯಾಕಪ್) ಸರಿಯಾಗಿಯೇ ಇರುತ್ತದೆ. ಇದೂ ಇದೇ ಜಾತಿಯ ತೊಂದರೆಯಾ?

ಕೊಪ್ಪದವಳು, ಈಗ ಬೆಂಗಳೂರು

ಹೌದು, ಇದೇ ಜಾತಿ. ಲಿನಕ್ಸ್‌ನಲ್ಲಿ ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ಗೆ ಗೆಲುವು ಸೋಲು ಯಾವುದೂ ಗೊತ್ತಿಲ್ಲ. ಕಮಾಂಡ್ ಏನಾದರೂ ಬಾಯಿಬಿಟ್ಟರೆ ಅದನ್ನು ಮೇಲ್ ಮಾಡುತ್ತದೆ, ಸುಮ್ಮನಿದ್ದರೆ ಇಲ್ಲ. ಡಂಪ್ ತೆಗೆಯುವ ಮೈಎಸ್‌ಕ್ಯೂಎಲ್‌ಡಂಪ್ ಕಮಾಂಡ್ ಆ ಎಚ್ಚರಿಕೆಯನ್ನು ಎರರ್ ದಾರಿಯಲ್ಲಿ ಹೇಳುತ್ತದೆ, ಕ್ರಾನ್ ಅದನ್ನು ನಿಮಗೆ ಕಳಿಸುತ್ತದೆ.

ತುಂಬಾ ಜನ ಇಲ್ಲಿ ಎರರ್ ಔಟ್‌ಪುಟ್ ಪೂರ್ತಿ ಡೆವ್ ನಲ್‌ಗೆ (ಹೋದದ್ದೆಲ್ಲ ಮಾಯವಾಗುವ ಜಾಗ) ಎಸೆಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಾಳೆ ನಿಜವಾಗಿ ಲಾಗಿನ್ ಆಗದಿದ್ದರೆ ಆ ಮಾತೂ ಅಲ್ಲೇ ಹೋಗುತ್ತದೆ. ಪಾಸ್‌ವರ್ಡನ್ನು ಒಂದು ಆಪ್ಷನ್ ಫೈಲ್‌ನಲ್ಲಿ ಇಡಿ, ಅದಕ್ಕೆ 600 ಪರ್ಮಿಷನ್ (ಮಾಲೀಕರು ಮಾತ್ರ ಓದಿ ಬರೆಯುವ ಹಾಗೆ) ಕೊಡಿ. ಎಚ್ಚರಿಕೆ ಹುಟ್ಟುವುದೇ ನಿಲ್ಲುತ್ತದೆ, ಪಾಸ್‌ವರ್ಡೂ ಭದ್ರ.

ಡಂಪ್ ಮಾಡಿದ್ದನ್ನು ಪೈಪ್ ಹಾಕಿ ನೇರ ಜಿಜಿಪ್‌ಗೆ (ಫೈಲ್ ಕುಗ್ಗಿಸುವ ಕಮಾಂಡ್) ಕೊಡುತ್ತೀರಾ?

ಹಾಲಿನ ಲೆಕ್ಕ, ತೀರ್ಥಹಳ್ಳಿ

ಹೌದು, ಹಾಗೇ ಮಾಡುತ್ತಿದ್ದೇವೆ.

ಕೊಪ್ಪದವಳು, ಈಗ ಬೆಂಗಳೂರು

ಹಾಗಾದರೆ ಇವತ್ತೇ ಸ್ಕ್ರಿಪ್ಟ್ ತೆರೆಯಿರಿ. ಪೈಪ್ ಹಾಕಿದಾಗ ಸ್ಕ್ರಿಪ್ಟ್ ಓಡಿಸುವ ಬ್ಯಾಷ್ ಕೊನೆಯ ಕಮಾಂಡ್‌ನ ಕೋಡ್ ಮಾತ್ರ ನೋಡುತ್ತದೆ. ಡಂಪ್ ಅರ್ಧಕ್ಕೆ ಸತ್ತರೂ ಜಿಜಿಪ್ ತನಗೆ ಸಿಕ್ಕಷ್ಟನ್ನು ಚೆನ್ನಾಗಿ ಕಟ್ಟಿ 0 ಕೊಡುತ್ತದೆ. ಸ್ಕ್ರಿಪ್ಟ್‌ನ ಮೇಲ್ಭಾಗದಲ್ಲಿ ಪೈಪ್‌ಫೇಲ್ ಆಪ್ಷನ್ ಹಾಕಿ, ಆಗ ಡಂಪ್ ಸೋತದ್ದೂ ಕಾಣುತ್ತದೆ. ಮತ್ತೆ, ಮೈಎಸ್‌ಕ್ಯೂಎಲ್‌ಡಂಪ್ ಕೆಲಸ ಮುಗಿದಾಗ ಫೈಲ್‌ನ ಕಡೆಯ ಸಾಲಿನಲ್ಲಿ ಡಂಪ್ ಪೂರ್ತಿ ಆಯಿತು ಅಂತ ಒಂದು ಟಿಪ್ಪಣಿ ಬರೆಯುತ್ತದೆ. ಅದು ಇದೆಯಾ ಅಂತ ದಿನಾ ನೋಡಿಸಿ.

ನನ್ನದೂ ಒಂದು ಹೇಳುತ್ತೇನೆ. ನಮ್ಮದು ಕ್ಲೌಡ್‌ನಲ್ಲಿರುವ ಪೋಸ್ಟ್‌ಗ್ರೆಸ್ ಡೇಟಾಬೇಸ್. ಬೆಳಗ್ಗೆ 6 ಗಂಟೆಗೆ ಒಂದು ತಪಾಸಣೆ ಓಡುತ್ತದೆ, 'ಇವತ್ತು ಬ್ಯಾಕಪ್ ಆಗಿದೆಯಾ' ಅಂತ. ದಿನಾ 'ಆಗಿಲ್ಲ' ಅನ್ನುತ್ತಿತ್ತು. ಬ್ಯಾಕಪ್ ನಮ್ಮ ಗಡಿಯಾರದಲ್ಲಿ ರಾತ್ರಿ 2ಕ್ಕೆ ಆಗುತ್ತದೆ. ಸರ್ವರ್‌ನ ಗಡಿಯಾರ ಇರುವುದು ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ, ಜಿಎಂಟಿ ಅಂದರೂ ಅದೇ ಹೊತ್ತು). ನಾವು ಐದೂವರೆ ಗಂಟೆ ಮುಂದೆ ಇದ್ದೇವೆ. ನಮ್ಮ ರಾತ್ರಿ 2 ಅಂದರೆ ಅದಕ್ಕೆ ಹಿಂದಿನ ದಿನದ 20:30. ನಮ್ಮ ಬೆಳಗ್ಗೆ 6 ಅಂದರೆ ಅದಕ್ಕೆ 00:30, ಅಂದರೆ ಹೊಸ ತಾರೀಖು. ಅದರ ಪ್ರಕಾರ ಇವತ್ತು ಶುರುವಾಗಿ ಅರ್ಧ ಗಂಟೆ ಆಗಿದೆ, ಬ್ಯಾಕಪ್ ನಿನ್ನೆಯದು. ತಾರೀಖು ಹೋಲಿಸುವುದು ಬಿಟ್ಟು 'ಕಳೆದ 26 ಗಂಟೆಯೊಳಗೆ ಆಗಿದೆಯಾ' ಅಂತ ಕೇಳಿದ ಮೇಲೆ ಸರಿಹೋಯಿತು. ಪಿಜಿ ಕ್ರಾನ್ (ಪೋಸ್ಟ್‌ಗ್ರೆಸ್ ಒಳಗೇ ಓಡುವ ಕ್ರಾನ್) ಬಳಸುವವರು ಗಮನಿಸಿ, ಅದು ತಾನಾಗಿ ಜಿಎಂಟಿಯಲ್ಲೇ ಓಡುತ್ತದೆ. 2 ಅಂತ ಬರೆದರೆ ನಮ್ಮ ಬೆಳಗ್ಗೆ 7:30ಕ್ಕೆ, ಜನ ಕೆಲಸ ಶುರು ಮಾಡುವ ಹೊತ್ತಿಗೆ ಎದ್ದು ಕೂರುತ್ತದೆ.

ಸಾಗರದ ಹುಡುಗ

ಮೊದಲು ನಾನು ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ರೋಬೋಕಾಪಿ ಕಥೆ ಓದಿದ ಮೇಲೆ ನನ್ನ ಬೆಳಗಿನ ಮೇಲ್‌ನಲ್ಲಿರುವ ಪ್ರತಿ ಸಾಲನ್ನೂ ನಿನ್ನೆ ಕೂತು ಪರಿಶೀಲಿಸಿದೆ.

ತುಂಗಾತೀರ ಅವರ 45 ನಿಮಿಷದ ಷರತ್ತಿನಲ್ಲೂ ಒಂದು ತಪ್ಪು ಇರಬಹುದು. ಹಿಸ್ಟರಿ ಟೇಬಲ್‌ನ ರನ್ ಡ್ಯುರೇಷನ್ ಸೆಕೆಂಡ್ ಅಲ್ಲ. ಗಂಟೆ, ನಿಮಿಷ, ಸೆಕೆಂಡ್ ಮೂರನ್ನೂ ಅಂಟಿಸಿ ಬರೆದ ಅಂಕೆ. 28 ನಿಮಿಷ ಓಡಿದರೆ ಅಲ್ಲಿ 2800 ಅಂತ ಇರುತ್ತದೆ. ಅದನ್ನು ಸೆಕೆಂಡ್ ಅಂತ ಓದಿದರೆ 46 ನಿಮಿಷ ದಾಟುತ್ತದೆ. ನನ್ನ ಸ್ಕ್ರಿಪ್ಟ್‌ನಲ್ಲಿ ಹಾಗೇ ಇತ್ತು. ಸುಗ್ಗಿಯ ಸಮಯದಲ್ಲಿ ಅಡಿಕೆ ಬರುವುದು ಜಾಸ್ತಿಯಾಗಿ ಜಾಬ್ ನಿಧಾನ ಆಗುತ್ತಿದೆ ಅಂದುಕೊಂಡಿದ್ದೆ. ಸ್ವಲ್ಪ ನಿಧಾನ ಆಗುತ್ತಿದ್ದುದು ನಿಜ, ಆದರೆ ಅಷ್ಟಲ್ಲ.

ಮಳೆಕಾಡು, ಹೊಸನಗರ

ನಮ್ಮ ಕಡೆಯ ಮಾತು ಒಂದು. ಇಲ್ಲಿ ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುತ್ತದೆ, ಕೇಬಲ್ ತುಂಡಾಗುತ್ತದೆ. ಎರಡೂ ಬೇರೆ ಬೇರೆ ರೀತಿಯ ಸುಳ್ಳು ಮೆಸೇಜ್ ಹುಟ್ಟಿಸುತ್ತವೆ.

ಕರೆಂಟ್ ಹೋಗಿ ಯುಪಿಎಸ್ ಮುಗಿದು ಸರ್ವರ್ ಕೂತಿತು ಅನ್ನಿ. ಆಗ ಓಡುತ್ತಿದ್ದ ಜಾಬ್‌ನ ಸಾಲು ಸಿಸ್‌ಜಾಬ್‌ಆಕ್ಟಿವಿಟಿ (ಯಾವ ಜಾಬ್ ಈಗ ಓಡುತ್ತಿದೆ ಅಂತ ಬರೆದಿಡುವ) ಟೇಬಲ್‌ನಲ್ಲಿ ಹಾಗೇ ಉಳಿಯುತ್ತದೆ. ಶುರುವಾದ ಸಮಯ ಇದೆ, ಮುಗಿದ ಸಮಯ ಇಲ್ಲ. ಏಜೆಂಟ್ ಮತ್ತೆ ಎದ್ದಾಗ ಹೊಸ ಸೆಷನ್ ಶುರು ಮಾಡುತ್ತದೆ, ಹಳೆ ಸಾಲು ಮುಟ್ಟುವುದಿಲ್ಲ. ಸೆಷನ್ ನೋಡದೆ ಓದುವ ಸ್ಕ್ರಿಪ್ಟ್‌ಗೆ ಆ ಜಾಬ್ ಜೂನ್‌ನಿಂದ ಇನ್ನೂ ಓಡುತ್ತಲೇ ಇರುವ ಹಾಗೆ ಕಾಣುತ್ತದೆ. ಎಲ್ಲಕ್ಕಿಂತ ದೊಡ್ಡ ಸೆಷನ್ ಐಡಿಯ ಸಾಲು ಮಾತ್ರ ಓದಿ.

ಕೇಬಲ್ ಹೋದರೆ ಇನ್ನೊಂದು ಥರ. ಜಾಬ್ ಓಡಿರುತ್ತದೆ, ಹೊರಗಿನಿಂದ ನೋಡುವವರಿಗೆ ಸುದ್ದಿ ಬಂದಿರುವುದಿಲ್ಲ. ಅದನ್ನು ಫೇಲ್ ಅಂತ ಬರೆಯುವುದು ತಪ್ಪು. ಸರಿ ಅಂತ ಬರೆಯುವುದು ಇನ್ನೂ ದೊಡ್ಡ ತಪ್ಪು. ನಾನು ಮೂರನೇ ಸ್ಥಿತಿ ಇಟ್ಟಿದ್ದೇನೆ, 'ಸುದ್ದಿ ಇಲ್ಲ' ಅಂತ. ಅದು ಬಂದರೆ ಸರ್ವರ್‌ಗೆ ಲಾಗಿನ್ ಆಗುವುದಕ್ಕೆ ಒದ್ದಾಡುವುದಿಲ್ಲ, ಮೊದಲು ಅಲ್ಲಿಯ ಯಾರಿಗಾದರೂ ಫೋನ್ ಮಾಡಿ ಕರೆಂಟ್ ಇದೆಯಾ ಅಂತ ಕೇಳುತ್ತೇನೆ. ಕಾರಣ ಬೇರೆ ಆದ್ದರಿಂದ ಮಾಡುವ ಕೆಲಸವೂ ಬೇರೆ.

ಹಳೆ ಡಿಬಿಎ, ಭದ್ರಾವತಿ

ಇಷ್ಟೆಲ್ಲ ಸರಿಮಾಡಿದ ಮೇಲೂ ಒಂದು ಮಾತು ಉಳಿಯುತ್ತದೆ. ನಿಮಗೆ ಬೇಕಾಗಿರುವುದು ಜಾಬ್ ಓಡಿತಾ ಅನ್ನುವುದಲ್ಲ, ಬ್ಯಾಕಪ್ ಇದೆಯಾ ಅನ್ನುವುದು. ಅದನ್ನೇ ನೇರ ಕೇಳಿ. ಎಂಎಸ್‌ಡಿಬಿಯ ಬ್ಯಾಕಪ್‌ಸೆಟ್ ಟೇಬಲ್‌ನಲ್ಲಿ ಪ್ರತಿ ಡೇಟಾಬೇಸ್‌ನ ಫುಲ್ ಬ್ಯಾಕಪ್ ಯಾವಾಗ ಮುಗಿಯಿತು ಅಂತ ಇರುತ್ತದೆ. ಕಡೆಯದು 26 ಗಂಟೆಗಿಂತ ಹಳೆಯದಾದರೆ ಮೆಸೇಜ್. ಈ ಪ್ರಶ್ನೆಗೆ ರೀಟ್ರೈ ಗೊತ್ತಿಲ್ಲ, ಎಕ್ಸಿಟ್ ಕೋಡ್ ಗೊತ್ತಿಲ್ಲ. ಜಾಬನ್ನೇ ಯಾರೋ ಡಿಸೇಬಲ್ ಮಾಡಿದ್ದರೂ ಇದು ಹಿಡಿಯುತ್ತದೆ. ಫೇಲ್ ಮೆಸೇಜ್‌ನಿಂದ ಅದು ಸಾಧ್ಯ ಇಲ್ಲ, ಓಡದ ಜಾಬ್ ಫೇಲೂ ಆಗುವುದಿಲ್ಲ.

ಕಾಪಿಗೂ ಹೀಗೇ. ಆ ಕಡೆಯ ಮಷಿನ್‌ನಲ್ಲಿ ಇವತ್ತಿನ ಫೈಲ್ ಇದೆಯಾ, ಸೈಜ್ ಎಷ್ಟು, ಅಲ್ಲಿಂದಲೇ ಎಣಿಸಿ. ಹಾಗೇ ತಿಂಗಳಿಗೊಮ್ಮೆ ಒಂದು ಬ್ಯಾಕಪ್ ತೆಗೆದು ಬೇರೆ ಮಷಿನ್‌ನಲ್ಲಿ ರಿಸ್ಟೋರ್ ಮಾಡಿ, ಒಳಗೆ ಹೋಗಿ ನಿಮಗೆ ಗೊತ್ತಿರುವ ಒಬ್ಬರ ತೂಕದ ಚೀಟಿ ಹುಡುಕಿ. ನಾನು 20 ವರ್ಷದಿಂದ ಇದನ್ನು ಬಿಟ್ಟಿಲ್ಲ.

ತುಂಗಾತೀರ, ಶಿವಮೊಗ್ಗ

ಮೂರು ವಾರ ಆಯಿತು. ಏನಾಯಿತು ಅಂತ ಹೇಳಲೇಬೇಕು.

ಸ್ಕ್ರಿಪ್ಟ್ ಹೊಸದಾಗಿ ಬರೆದೆ. ರೋಬೋಕಾಪಿಗೆ ಬ್ಯಾಚ್ ಫೈಲ್ ಹಾಕಿದೆ. ಡ್ಯುರೇಷನ್ ಲೆಕ್ಕ ಸಾಗರದವರು ಹೇಳಿದ ಹಾಗೇ ತಪ್ಪಿತ್ತು, ಸರಿಮಾಡಿದೆ. ಬ್ಯಾಕಪ್‌ನ ವಯಸ್ಸು ಮೂರೂ ಕಡೆ ಗಂಟೆಗೊಮ್ಮೆ ನೋಡಿಸುತ್ತಿದ್ದೇನೆ. 'ಸುದ್ದಿ ಇಲ್ಲ' ಅನ್ನುವುದಕ್ಕೆ ಫೋನ್‌ನಲ್ಲಿ ಬೇರೆ ರಿಂಗ್ ಇಟ್ಟೆ. ಮೊದಲ ಹತ್ತು ರಾತ್ರಿ ಒಂದೂ ಮೆಸೇಜ್ ಬರಲಿಲ್ಲ. ಅಭ್ಯಾಸ ತಪ್ಪಿ ಭಯವಾಗಿ, ಬೇಕೆಂದೇ ಒಂದು ಜಾಬ್ ಬೀಳಿಸಿ ನೋಡಿದೆ. ಎರಡು ನಿಮಿಷಕ್ಕೆ ಮೆಸೇಜ್ ಬಂತು. ಈಗ ಪ್ರತಿ ಸೋಮವಾರ ಮಧ್ಯಾಹ್ನ ಹೀಗೆ ಒಂದು ಸಲ ಬೀಳಿಸುತ್ತೇನೆ.

ತೀರ್ಥಹಳ್ಳಿಯ ಬ್ಯಾಕಪ್ ಇಲ್ಲಿ ರಿಸ್ಟೋರ್ ಮಾಡಿ ನನ್ನ ಮಾವನ ತೋಟದ ಚೀಟಿ ಹುಡುಕಿದೆ. ಸಿಕ್ಕಿತು, ಮೂಟೆಯ ಲೆಕ್ಕವೂ ಸರಿ ಇತ್ತು.

ಮೊನ್ನೆ ರಾತ್ರಿ 2:25ಕ್ಕೆ ಬೇರೆ ರಿಂಗ್ ಬಾರಿಸಿತು. ಹೊಸನಗರ, ಸುದ್ದಿ ಇಲ್ಲ. ಎದ್ದು ಕಾವಲಿನವರಿಗೆ ಫೋನ್ ಮಾಡಿದೆ. ಗಾಳಿ ಮಳೆ ಜೋರು, 1 ಗಂಟೆಯಿಂದ ಕರೆಂಟ್ ಇಲ್ಲ, ಒಳಗಿನ ಡಬ್ಬಿ ಕಿರುಚಿ ಕಿರುಚಿ ಈಗ ಸುಮ್ಮನಾಗಿದೆ ಅಂದರು. ಕರೆಂಟ್ ಬಂದದ್ದು ಬೆಳಗ್ಗೆ 6ರ ನಂತರ. ಬ್ಯಾಕಪ್ ಕೈಯಲ್ಲೇ ಓಡಿಸಿದೆ, 11 ನಿಮಿಷಕ್ಕೆ ಮುಗಿಯಿತು, ಕಾಪಿಯೂ ಆಯಿತು.

ಮಳೆಕಾಡು ಅವರೇ, ಯುಪಿಎಸ್ ಬ್ಯಾಟರಿ ಮುಗಿಯುವ ಮೊದಲು ಸರ್ವರ್ ತಾನಾಗಿ ಸರಿಯಾಗಿ ಶಟ್‌ಡೌನ್ ಆಗುವ ಹಾಗೆ ನೀವು ಮಾಡಿಕೊಂಡಿದ್ದೀರಾ? ನಮ್ಮದರಲ್ಲಿ ಯುಎಸ್‌ಬಿ ಕೇಬಲ್ ಇದೆ, ಯಾರೂ ಸಿಕ್ಕಿಸಿಲ್ಲ. ಮುಂದಿನ ವಾರ ಹೋದಾಗ ಅದನ್ನು ಮಾಡಬೇಕು ಅಂತಿದ್ದೇನೆ.

ಮಳೆಕಾಡು, ಹೊಸನಗರ

ಮಾಡಿದ್ದೇನೆ. ಬರುವ ದಿನ ಹೇಳಿ, ನಾನೂ ಅಲ್ಲಿಗೆ ಬರುತ್ತೇನೆ. ಬ್ಯಾಟರಿಗೆ ಎಷ್ಟು ವರ್ಷ ಆಯಿತು ಅನ್ನುವುದನ್ನೂ ನೋಡೋಣ.